ಜಿಮ್ಮಿನಲ್ಲೊಂದು ಗರ್ಜನೆ

ಸಭಿಕರೇ, ಇಂದು ರಾಜಧಾನಿಯ ದ್ವಾರಕಾದ ನಮ್ಮ ಸೊಸೈಟಿ ಜಿಮ್ಮಿನಲ್ಲಿ ನಾನು ಗದೆ ತಿರುಗಿಸುವುದನ್ನು ಕಲಿಯುತ್ತಿದ್ದೆ. ಪಕ್ಕದಲ್ಲಿ ಎದುರು ಮನೆಯ ಕನ್ನಡದ ಹುಡುಗಿ ಸವಿತಾ ಉಸಿರು ಬಿಗಿಹಿಡಿದು ಕೆಟಲ್‌ಬೆಲ್ ಎಂಬ ಹಿಡಿಯುಳ್ಳ ಕಬ್ಬಿಣದ ಗುಂಡನ್ನು ಬೀಸುತ್ತಿದ್ದಳು.

"ಉಸಿರು ಬಿಡಿ, ಇಲ್ಲದಿದ್ದರೆ ಸೊಂಟ ಹಿಡಿಯುತ್ತೆ," ಎಂದು ಟ್ರೇನರ್ ನೇಹಾ ಹಿಂದಿಯಲ್ಲಿ ಗದರಿದಳು.

ಸವಿತಾ ನನ್ನತ್ತ ಬಾಗಿ ಪಿಸುಗುಟ್ಟಿದಳು: "ಬಿಟ್ರೆ ಸದ್ದಾಗುತ್ತೆ ಅಂಕಲ್, ಎಲ್ರೂ ನೋಡ್ತಾರೆ. ನಾಳೆಯಿಂದ ಬರಲ್ಲ ನಾನು."

ನೋಡುವವರಿಗೆ ಹೆದರುವುದೇ! ಪೌರಾಣಿಕ ನಾಟಕಗಳಲ್ಲಿ ರಟ್ಟಿನ ಗದೆ ಹೊತ್ತು ಗರ್ಜಿಸಿದವನು ನಾನು. ಕಬ್ಬಿಣದ ಗದೆಯನ್ನು ತಲೆಯ ಹಿಂದಿನಿಂದ ಸುತ್ತಿ ತರುತ್ತಾ "ಹಾಽಽ!" ಎಂದು ಉಸಿರು ಬಿಟ್ಟೆ. ಜಿಮ್ಮಿಗೆ ಜಿಮ್ಮೇ ನನ್ನತ್ತ ತಿರುಗಿತು. ಅದೇ ಹೊತ್ತಿಗೆ ಪಕ್ಕದಿಂದ "ಹುಫ್!" ಎಂಬ ಸದ್ದು. ಸವಿತಾಳ ಕೆಟಲ್‌ಬೆಲ್ ಎದೆಯೆತ್ತರಕ್ಕೆ ಹಾರಿತ್ತು!

"ಪರ್ಫೆಕ್ಟ್!" ಎಂದು ಸವಿತಾಳನ್ನು ಮೆಚ್ಚಿದ ನೇಹಾ, ಸ್ವಲ್ಪ ಮೆಲ್ಲಗೆ ಕೂಗಿ ಎಂದು ನನಗೆ ಕೈಮುಗಿದಳು. "ಅಂಕಲ್‌ಜೀ, ಆಪ್ ಥೋಡಾ ಧೀರೇ."

"ಬೇಡ ಅಂಕಲ್, ನಾಳೆನೂ ಹೀಗೇ ಕೂಗಿ. ನಾನು ಬರ್ತೀನಿ," ಎಂದಳು ಸವಿತಾ.

ನನ್ನ ಭುಜಗಳು ಕ್ಷೇಮ. ಗಂಟಲು ಮಾತ್ರ ಕಟ್ಟಿದೆ. ಬಿಸಿನೀರು ಕುಡಿಯುತ್ತಾ ನಾಳೆಯ ಪ್ರದರ್ಶನಕ್ಕೆ ಸಿದ್ಧನಾಗುತ್ತಿದ್ದೇನೆ.