ಅಜ್ಜಿಯಂದಿರಿಗೆ ಸಾಕಾಗುವ ಮೈದಾನ

ಅರವತ್ತೊಂದನೇ ವಯಸ್ಸಿನಲ್ಲಿ ನನಗೊಬ್ಬ ಶತ್ರು ಹುಟ್ಟಿಕೊಂಡಿದ್ದಾನೆ. ಅವನ ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ. ಫೋನಿನೊಳಗೆ ಎರಡು ಸಾಲು ಬರೆದು ಹೋದವನು. ನ್ಯೂಜೆರ್ಸಿಯ ಒಂದು ಚಿಕ್ಕ ಮೈದಾನದ ಬಗ್ಗೆ ಅವನು ಬರೆದದ್ದು ಇಷ್ಟೇ: "ಸೀರಿಯಸ್ಸಾಗಿ ಆಡುವವರು ಇಲ್ಲಿ ಟೈಮ್ ವೇಸ್ಟ್ ಮಾಡಿಕೊಳ್ಳಬೇಡಿ. ಅಜ್ಜಿಯಂದಿರಿಗೆ ಸಾಕು."

ನಾನು ಅಜ್ಜಿ. ಬಾಸ್ಟನ್ನಿನಲ್ಲಿ ಮಗಳಿಗೆ ಹುಟ್ಟಿದ ಮಗು ಅದಕ್ಕೆ ಸಾಕ್ಷಿ. ಸೀರಿಯಸ್ಸಾಗಿಯೂ ಆಡುತ್ತೇನೆ. ಒಬ್ಬಳೇ ಹೆಂಗಸು ಎರಡೂ ಆಗಿರಬಹುದೆಂಬುದು ಆ ಮಹಾಶಯನಿಗೆ ಹೊಳೆದಿರಲಿಲ್ಲ.

ಆಟ ಯಾವುದೆಂದು ಹೇಳಬೇಕಲ್ಲ. ಡಿಸ್ಕ್ ಗಾಲ್ಫ್. ತಟ್ಟೆಯಂಥ ಪ್ಲಾಸ್ಟಿಕ್ ಬಿಲ್ಲೆಯನ್ನು ಎಸೆಯಬೇಕು. ದೂರದಲ್ಲಿ ಒಂದು ಕಬ್ಬಿಣದ ಕಂಬ, ಅದಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳು. ಬಿಲ್ಲೆ ಸರಪಳಿಗೆ ಬಡಿದು ಝಲ್ಲೆಂದು ಬುಟ್ಟಿಗೆ ಬಿದ್ದರೆ ಒಂದು ಮುಗಿಯಿತು, ಮುಂದಿನ ಬುಟ್ಟಿಗೆ ನಡೆಯಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ನಾಲ್ಕು ವರ್ಷದ ಹಿಂದೆ ನನ್ನ ಮಂಡಿಗಳು ಬ್ಯಾಡ್ಮಿಂಟನ್ ಸಾಕೆಂದಾಗ, ರಿಚ್ಮಂಡಿನಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಇದನ್ನು ಹೇಳಿಕೊಟ್ಟಳು. ವಿಷ್ಣುವಿನ ಚಕ್ರ ಎಸೆದ ಮೇಲೆ ತಾನಾಗಿಯೇ ಬೆರಳಿಗೆ ವಾಪಸ್ಸು ಬರುತ್ತಿತ್ತಂತೆ. ನನ್ನದು ಬರುವುದಿಲ್ಲ. ಮುಳ್ಳುಪೊದೆಯೊಳಗೆ ಬಗ್ಗಿ ಹುಡುಕಬೇಕು. ಆಮೇಲೆ ಮನೆಗೆ ಬಂದು ರಕ್ತ ಹೀರುವ ಉಣ್ಣೆಹುಳ ಹತ್ತಿದೆಯಾ ಅಂತ ಕಾಲೆಲ್ಲ ನೋಡಿಕೊಳ್ಳಬೇಕು. ಆದರೂ ಆಡುತ್ತೇನೆ.

ಈ ಅಕ್ಟೋಬರಿನಲ್ಲಿ ಮೊಮ್ಮಗುವನ್ನು ನೋಡಿಕೊಂಡು ರಿಚ್ಮಂಡಿಗೆ ಡ್ರೈವ್ ಮಾಡಿಕೊಂಡು ವಾಪಸ್ಸಾಗುತ್ತಿದ್ದೆ. ದಾರಿಯಲ್ಲಿ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿ ನನ್ನ ಅಕ್ಕ ಶಾರದಳ ಮನೆ. ಅಲ್ಲಿ ಎರಡು ರಾತ್ರಿ ತಂಗುವುದು, ನಡುವಿನ ಒಂದು ದಿನ ಒಂದು ಹೊಸ ಮೈದಾನದಲ್ಲಿ ಆಡುವುದು ಎಂದು ಲೆಕ್ಕ ಹಾಕಿದ್ದೆ. ಪರ ಊರಿಗೆ ಹೋದಾಗ ಜನ ಮ್ಯೂಸಿಯಂ ನೋಡುತ್ತಾರೆ, ದೇವಸ್ಥಾನ ನೋಡುತ್ತಾರೆ. ನಾನು ಬುಟ್ಟಿ ನೋಡುತ್ತೇನೆ.

ಯಾವ ಮೈದಾನ ಎಂದು ಫೋನಿನಲ್ಲಿ ಹುಡುಕಿದರೆ ಎಲ್ಲಕ್ಕೂ ನಕ್ಷತ್ರಗಳು. ನಮ್ಮ ಕಾಲದಲ್ಲಿ ನಕ್ಷತ್ರ ನೋಡಿ ಗಂಡು ಆರಿಸುತ್ತಿದ್ದರು. ಆ ಜೋಯಿಸರಾದರೂ ಇಪ್ಪತ್ತೇಳು ನಕ್ಷತ್ರ ಇಟ್ಟುಕೊಂಡು, ಪಾದ ಲೆಕ್ಕ ಹಾಕಿ, ಎಲ್ಲೋ ಒಂದು ಕಡೆ ಹೊಂದಿಸಿಬಿಡುತ್ತಿದ್ದರು. ಫೋನಿನಲ್ಲಿ ಬರೆಯುವ ಇವರ ಹತ್ತಿರ ಇರುವುದು ಬರೀ ಐದು. ಅಷ್ಟರಲ್ಲೇ ಬೆಟ್ಟ, ಮರ, ನೆರಳು, ಗಾಳಿ, ನಾಯಿ ವಾಕಿಂಗಿಗೆ ಬರುವ ಮುದುಕರು, ಎಲ್ಲವನ್ನೂ ಅಳೆದುಬಿಡುತ್ತಾರೆ. ಮಾರಿಸ್‌ಟೌನ್ ದಾಟಿದ ಮೇಲೆ ಗುಡ್ಡದ ಕಾಡಿನೊಳಗಿರುವ ಹದಿನೆಂಟು ಬುಟ್ಟಿಗಳ ಮೈದಾನಕ್ಕೆ ನಾಲ್ಕೂಮುಕ್ಕಾಲು ನಕ್ಷತ್ರ. ಅಕ್ಕನ ಮನೆಯಿಂದ ಹತ್ತೇ ನಿಮಿಷದ ದೂರದಲ್ಲಿ, ಲೈಬ್ರರಿಯ ಹಿಂದಿನ ಪಾರ್ಕಿನಲ್ಲಿರುವ ಒಂಬತ್ತು ಬುಟ್ಟಿಗಳ ಮೈದಾನಕ್ಕೆ ಎರಡೂವರೆ. ನನ್ನ ಶತ್ರು ಬರೆದಿದ್ದು ಇದರ ಕೆಳಗೆ.

ಅವನ ಎರಡು ಸಾಲು ಓದದೇ ಇದ್ದಿದ್ದರೆ ನಾನು ಮಂಡಿಯ ಮಾತು ಕೇಳಿ ಲೈಬ್ರರಿಯ ಹಿಂದಕ್ಕೇ ಹೋಗುತ್ತಿದ್ದೆ. ಓದಿದೆ. ಮೈಯೆಲ್ಲ ಉರಿಯಿತು. "ನಾಳೆ ಮಾರಿಸ್‌ಟೌನ್ ಕಡೆ ಹೋಗ್ತೀನಿ" ಎಂದು ಅಕ್ಕನಿಗೆ ಹೇಳಿದೆ.

ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸೌಟು ಕೆಳಗಿಟ್ಟು, ದನಿ ತಗ್ಗಿಸಿ, "ನಿಮ್ಮ ಭಾವನ್ನೂ ಕರ್ಕೊಂಡು ಹೋಗೇ" ಎಂದಳು.

ಭಾವನಿಗೆ ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಗಿತ್ತು. ಕಾಲು ಸರಿಹೋಗಿತ್ತು, ಮಾತು ಸರಿಹೋಗಿತ್ತು. ಬಲಗೈ ಮಾತ್ರ ಪೂರ್ತಿ ಬಂದಿರಲಿಲ್ಲ. ಮೂವತ್ತು ವರ್ಷ ಸೇತುವೆಗಳ ನಕ್ಷೆ ಬರೆದ ಕೈ ಅದು. ಈಗ ತಟ್ಟೆಯಿಂದ ಅನ್ನ ತೆಗೆಯುವಾಗ ನಡುಗುತ್ತದೆ ಎಂದು ಅವರು ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಆಮೇಲೆ ವಾಕಿಂಗ್ ಕೂಡ ಬಿಟ್ಟರು.

"ಮನೆ ಬಿಟ್ಟು ಆಚೆ ಹೋಗಿ ತಿಂಗಳಾಯ್ತು" ಎಂದಳು ಅಕ್ಕ. "ನಡೀರಿ ಅಂತಾರೆ ಡಾಕ್ಟರು. ನಾನು ಹೇಳಿದ್ರೆ ಕೇಳಲ್ಲ. ನಾದಿನಿ ಕರೆದ್ರೆ ಇಲ್ಲ ಅನ್ನೋಕೆ ಸಂಕೋಚ ಪಡ್ತಾರೆ."

ಸಂಕೋಚಪಟ್ಟರು. ಮರುದಿನ ಬೆಳಿಗ್ಗೆ ಕಾರಿನಲ್ಲಿ ನನ್ನ ಪಕ್ಕ ಬಂದು ಕೂತರು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಆ ಎರಡು ಸಾಲುಗಳನ್ನು ಅವರಿಗೆ ಬಾಯಿಪಾಠ ಒಪ್ಪಿಸಿದೆ. ಮನುಷ್ಯರ ಮೇಲೆ, ಅಮೆರಿಕದ ಮೇಲೆ, ಗಡ್ಡ ಬಿಟ್ಟ ಗಂಡಸರ ಮೇಲೆ (ಬರೆದವನು ಗಡ್ಡದವನೇ ಎಂದು ಏಕೋ ನನಗೆ ಖಾತ್ರಿಯಾಗಿತ್ತು) ಒಂದು ಗಂಟೆ ಭಾಷಣ ಮಾಡಿದೆ. ಭಾವ ಕಿಟಕಿಯಾಚೆ ನೋಡುತ್ತಾ ಆಗಾಗ "ಹೂಂ" ಎನ್ನುತ್ತಿದ್ದರು.

ಗುಡ್ಡದ ಮೈದಾನ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಮೇಪಲ್ ಮರಗಳು ಕೆಂಪಾಗಿದ್ದವು, ದಾರಿ ಬಂಡೆಗಳ ನಡುವೆ ಏರಿ ಇಳಿದು ಹೋಗುತ್ತಿತ್ತು. ಆದರೆ ಮೊದಲನೇ ಬುಟ್ಟಿ ಎಲ್ಲಿದೆ ಎಂದು ನೋಡುವುದಕ್ಕೇ ಇಪ್ಪತ್ತು ಅಡಿ ಹತ್ತಬೇಕಿತ್ತು. ಅದನ್ನು ಏಳು ಎಸೆತದಲ್ಲಿ ಮುಗಿಸಿದೆ, ಎರಡನೆಯದನ್ನು ಎಂಟರಲ್ಲಿ. ಭಾವ ಒಂದೊಂದೇ ಬೇರು ನೋಡಿ ಕಾಲಿಡುತ್ತಾ ಹಿಂದೆ ಬರುತ್ತಿದ್ದರು. ಮೂರನೆಯದರ ಹತ್ತಿರ ಹೋಗುವ ಹೊತ್ತಿಗೆ ಹಿಂದಿನಿಂದ ಮೂವರು ಯುವಕರು ಬಂದು ನಮಗಾಗಿ ಕಾಯುತ್ತಾ ನಿಂತರು. ಮುಂದೆ ಹೋಗಿ ಎಂದು ಕೈ ತೋರಿಸಿದೆ. ಅವರಲ್ಲೊಬ್ಬ, ಗಡ್ಡದವನೇ, ತುಂಬ ವಿನಯದಿಂದ ಇಂಗ್ಲಿಷಿನಲ್ಲಿ ಕೇಳಿದ: "ಮೇಡಮ್, ಮುಂದೆ ಇನ್ನೂ ಕಡಿದಾಗುತ್ತೆ. ಸಮತಟ್ಟಾಗಿರೋ ಮೈದಾನ ಬೇಕಿದ್ರೆ ಹೇಳ್ಲಾ, ಒಂದೆರಡು ನನಗೆ ಗೊತ್ತು."

ಅವನು ಒರಟಾಗಿ ಹೇಳಿದ್ದರೆ ಎಷ್ಟು ಸುಖವಾಗಿರುತ್ತಿತ್ತು. ಜಗಳವಾಡಬಹುದಿತ್ತು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತಿಗೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ, ಆದರೂ ಮಾಡಿಕೊಂಡೆ. "ನೋ, ಥ್ಯಾಂಕ್ಯೂ, ನಾನು ರೆಗ್ಯುಲರ್ ಪ್ಲೇಯರ್" ಎಂದು ಹೇಳಿ, ಅವರೆದುರಿಗೇ ನನ್ನ ಕಿತ್ತಳೆ ಬಣ್ಣದ ಬಿಲ್ಲೆಯನ್ನು ಸರ್ವಶಕ್ತಿಯಿಂದ ಎಸೆದೆ. ಅದು ಹತ್ತು ಹೆಜ್ಜೆ ದೂರದ ಓಕ್ ಮರಕ್ಕೆ ಬಡಿದು, ಹಿಂದಕ್ಕೆ ತಿರುಗಿ, ನಮ್ಮೆಲ್ಲರ ತಲೆಯ ಮೇಲಿಂದ ಹಾರಿ ಕೊರಕಲಿಗೆ ಬಿತ್ತು. ಮೂವರೂ ತಮ್ಮ ಬೂಟುಗಳನ್ನು ನೋಡಿಕೊಂಡರು. ನಗಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವರು ಆಡಿ ಮುಂದೆ ಹೋದ ಮೇಲೆ ಭಾವನ ಕಡೆ ತಿರುಗಿದೆ. ಒಂದು ಬಂಡೆಯ ಮೇಲೆ ಕೂತಿದ್ದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಹಣೆಯಲ್ಲಿ ಬೆವರು.

"ವಸಂತಿ, ನಾನು ಇಲ್ಲೇ ಕೂತಿರ್ತೀನಿ" ಎಂದರು. "ನೀನು ಮುಗಿಸ್ಕೊಂಡು ಬಾ. ಅವಸರ ಇಲ್ಲ."

ಇನ್ನೂ ಹದಿನಾರು ಬುಟ್ಟಿ ಇದ್ದವು. ಎರಡು ಗಂಟೆಯ ಕೆಲಸ. ಅಷ್ಟು ಹೊತ್ತೂ ಆ ಬಂಡೆಯ ಮೇಲೆ ಕೂತಿರುತ್ತಿದ್ದರು. ಈ ಮೈದಾನವನ್ನು ಆರಿಸಿದ್ದು ನನಗಾಗಿ ಅಲ್ಲ, ಭಾವನಿಗಾಗಿಯಂತೂ ಅಲ್ಲ. ಮುಖವೇ ನೋಡದ ಯಾವನಿಗೋ ಉತ್ತರ ಕೊಡಲಿಕ್ಕೆಂದು, ಸ್ಟ್ರೋಕ್ ಆದ ಮನುಷ್ಯನನ್ನು ಗುಡ್ಡ ಹತ್ತಿಸಿದ್ದೆ. ಆ ಶತ್ರುವಿಗೆ ಇದೆಲ್ಲ ತಿಳಿಯುವುದೂ ಇಲ್ಲ. ಎಲ್ಲೋ ಕೂತು ಕಾಫಿ ಕುಡಿಯುತ್ತಿರುತ್ತಾನೆ. ನಾನೇನು ಮಾಡುತ್ತಿದ್ದೇನೆ ಎಂದು ನನ್ನ ಮೇಲೇ ಸಿಟ್ಟು ಬಂತು. ಅವತ್ತಿನ ಸಿಟ್ಟುಗಳಲ್ಲಿ ನ್ಯಾಯವಾದದ್ದು ಅದೊಂದೇ.

"ಏಳಿ ಭಾವ, ಹೋಗೋಣ" ಎಂದೆ.

"ನಿನ್ನ ಬಿಲ್ಲೆ?"

"ಹೋಗ್ಲಿ ಬಿಡಿ."

ಕೆಳಗಿಳಿಯಲು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕಾರಿನಲ್ಲಿ ಕೂತು ಅಕ್ಕ ಕಟ್ಟಿಕೊಟ್ಟ ಚಪಾತಿ ತಿಂದೆವು. ವಾಪಸ್ಸು ಓಲ್ಡ್ ಬ್ರಿಡ್ಜ್‌ಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಮನೆಗೆ ತಿರುಗುವ ಬದಲು ಲೈಬ್ರರಿಯ ಹಿಂದಕ್ಕೆ ಕಾರು ತಿರುಗಿಸಿದೆ.

ಮೈದಾನ ಅವನು ಬರೆದ ಹಾಗೇ ಇತ್ತು. ಸಮತಟ್ಟು ಹುಲ್ಲು, ಅಲ್ಲೊಂದು ಇಲ್ಲೊಂದು ಮರ, ಒಂದು ಬುಟ್ಟಿಯಿಂದ ಇನ್ನೊಂದು ಬುಟ್ಟಿ ಕಾಣುತ್ತಿತ್ತು. ಹತ್ತು ಹೆಜ್ಜೆಗೊಂದು ಬೆಂಚು. ಈ ಬೆಂಚುಗಳ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಭಾವ ಒಂದರ ಮೇಲೆ ಕೂತರು. ನಾನು ಮೊದಲನೇ ಬುಟ್ಟಿಗೆ ಆಡಿದೆ. ನಾಲ್ಕು ಎಸೆತ. ಸರಪಳಿ ಝಲ್ಲೆಂದಾಗ ಅವರು ತಲೆಯೆತ್ತಿದರು.

"ಆ ಕಂಬ ನೆಟ್ಟಗಿಲ್ಲ" ಎಂದರು.

"ಇದೆಯಲ್ಲ ಭಾವ."

"ಇಲ್ಲ. ಎಡಕ್ಕೆ ವಾಲಿದೆ." ಎದ್ದು ಬಂದರು. ಕಂಬದ ಸುತ್ತ ಒಂದು ಸುತ್ತು ಹಾಕಿದರು. ಬುಡದ ಕಾಂಕ್ರೀಟನ್ನು ಬೂಟಿನ ತುದಿಯಿಂದ ಒತ್ತಿ ನೋಡಿ ತಲೆಯಾಡಿಸಿದರು. ಅದೇ ಸಮಯ ಎಂದು ನಾನು ಒಂದು ನೀಲಿ ಬಿಲ್ಲೆಯನ್ನು ಅವರ ಮುಂದೆ ಹಿಡಿದೆ. ಮಾತಾಡಿದರೆ ಕೆಡುತ್ತದೆ ಎಂದು ಸುಮ್ಮನಿದ್ದೆ; ನನ್ನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ. ಭಾವ ಬಲಗೈಯಲ್ಲಿ ತೆಗೆದುಕೊಂಡರು. ಬಿಲ್ಲೆ ನಡುಗಿತು. ಎಡಗೈಗೆ ಬದಲಾಯಿಸಿಕೊಂಡರು.

ಮೊದಲನೆಯದು ಅವರ ಕಾಲಬುಡದಲ್ಲೇ ಬಿತ್ತು. ಎರಡನೆಯದು ನನ್ನ ಕಡೆಗೆ ಬಂತು, ಪಕ್ಕಕ್ಕೆ ಹಾರಿದೆ. ಪ್ರತಿ ಸಲವೂ ಅವರೇ ಹೋಗಿ, ಬಗ್ಗಿ, ಎತ್ತಿಕೊಂಡು ಬರುತ್ತಿದ್ದರು. ನಾನು ಎತ್ತಿಕೊಡಲು ಹೋದರೆ ಬೇಡವೆಂದು ಕೈಯಾಡಿಸಿದರು. ಕೊನೆಗೊಂದು ಸಲ ಬಿಲ್ಲೆ ಓಲಾಡುತ್ತಾ ಹೋಗಿ, ಸರಪಳಿಗೆ ತಾಗಿ, ಒಳಗೆ ಬಿತ್ತು.

"ಎಷ್ಟಾಯ್ತು?" ಎಂದರು.

"ಒಂಬತ್ತು."

"ಎಷ್ಟರಲ್ಲಿ ಹಾಕ್ಬೇಕು?"

"ಮೂರು ಅಂತ ಬೋರ್ಡಲ್ಲಿದೆ."

"ಯಾರು ಹೇಳಿದ್ದು ಮೂರು ಅಂತ?"

"ಮೈದಾನ ಮಾಡಿದೋರು, ಭಾವ."

"ಅವರು ಎಡಗೈಲಿ ಎಸೆದು ನೋಡಿದ್ರಾ?"

ಆ ದನಿಯನ್ನು ನಾನು ಬೆಳಗಿನಿಂದ ಕೇಳಿರಲಿಲ್ಲ. ಎಂಟು ತಿಂಗಳಿಂದ ಅಕ್ಕನೂ ಕೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಎರಡನೇ ಬುಟ್ಟಿಯ ಕಡೆ ನಡೆಯುತ್ತಿದ್ದರು. ಒಟ್ಟು ಐದು ಆಡಿದೆವು. ಅಕ್ಕ ಮೂರು ಸಲ ಫೋನ್ ಮಾಡಿದಳು. ಮೂರನೇ ಸಲ ನಾನು, "ಭಾವ ಬ್ಯುಸಿ ಇದ್ದಾರೆ" ಎಂದೆ. "ನಿಧಾನಕ್ಕೆ ಬನ್ನಿ" ಎಂದಳು.

ಮರುದಿನ ಬೆಳಿಗ್ಗೆ ಏಳಕ್ಕೆ, ಟ್ರಾಫಿಕ್ಕು ಹೆಚ್ಚುವ ಮೊದಲೇ ಹೊರಡಬೇಕೆಂದು ಬ್ಯಾಗು ಹಿಡಿದು ಕೆಳಗಿಳಿದೆ. ಬಾಗಿಲ ಹತ್ತಿರ ಕುರ್ಚಿಯಲ್ಲಿ ಭಾವ ಜಾಕೆಟ್ ಹಾಕಿಕೊಂಡು ಕೂತಿದ್ದರು. ಅಕ್ಕ ನೆಲದ ಮೇಲೆ ಕೂತು ಅವರ ಬೂಟಿನ ಲೇಸು ಕಟ್ಟುತ್ತಿದ್ದಳು. ನನ್ನ ಮುಖ ನೋಡಿ ನಗು ತಡೆದುಕೊಂಡು ತಲೆ ಬಗ್ಗಿಸಿದಳು.

"ನಿನ್ನೆ ಆಡಿದ್ದು ಲೆಕ್ಕಕ್ಕಿಲ್ಲ ವಸಂತಿ" ಎಂದರು ಭಾವ, ಸಿಟ್ಟಿನಿಂದಲೇ. "ನಿನ್ನೆ ಗಾಳಿ ಜಾಸ್ತಿ ಇತ್ತು."

ರಿಚ್ಮಂಡಿಗೆ ನಾನು ಹೊರಟದ್ದು ಮಧ್ಯಾಹ್ನ ಊಟವಾದ ಮೇಲೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು, ಇಷ್ಟು ಹೊತ್ತಿಗೆ ಮನೆ ಸೇರಿರಬೇಕಿತ್ತು ಎಂದು ಗೊಣಗಿಕೊಳ್ಳುತ್ತಾ ಬಂದೆ. ಹಿಂದಿನ ದಿನ ಆ ಪಾರ್ಕಿನಲ್ಲಿ ಒಂದು ಎಲೆಯೂ ಅಲುಗಾಡಿರಲಿಲ್ಲ. ಅದನ್ನು ನಾನು ಭಾವನಿಗೆ ಹೇಳಲಿಲ್ಲ. ಸೋತದ್ದಕ್ಕೆ ಗಾಳಿಯನ್ನು ಬೈಯುವುದಕ್ಕೆ ಶುರುಮಾಡಿದ ಮೇಲೆ ಮನುಷ್ಯ ಆಟಗಾರನಾದ ಎಂದೇ ಅರ್ಥ. ಅಂಥವರ ಜೊತೆ ವಾದ ಮಾಡಬಾರದು.