ಜಗಲಿ ಮೇಲಿನ ಚಾವಿ

“ಎರಡೂ ಚಾವಿ ಬೇಕ್ರಿ. ಈ ಹೊಸ ಕಂಪ್ಯೂಟರಿಗೆ ಗುರುತು ಮಾಡಸದ ಚಾವಿಗೆ ಗಾಡಿ ಚಾಲೂ ಆಗಂಗಿಲ್ಲ.” ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ, ನನ್ನ ಕಾರಿನ ಸುಟ್ಟ ಕಂಪ್ಯೂಟರ್ ತೆಗೆದು ಹೊಸದು ಕೂಡಿಸಿದ ರಫೀಕ್‌ಭಾಯ್ ಲ್ಯಾಪ್‌ಟಾಪ್ ಜೋಡಿಸುತ್ತ ಹೇಳಿದರು.

ಎರಡನೆಯ ಚಾವಿ ತಿಕೋಟಾದ ನಮ್ಮ ಮನೆಯ ದೇವರ ಜಗಲಿ ಮೇಲಿತ್ತು. ಕಾರು ಕೊಂಡ ದಿನವೇ ಅವ್ವ ಅಲ್ಲಿಟ್ಟು, ದಿನಾ ಕುಂಕುಮ ಹಚ್ಚುತ್ತಿದ್ದಳು. ಫೋನ್ ಮಾಡಿದೆ. ಯಾರ ಕೈಗೂ ಕೊಡದೆ, ಸೆರಗಿನಲ್ಲಿ ಕಟ್ಟಿಕೊಂಡು ತಾನೇ ಬಸ್ಸಿನಲ್ಲಿ ಬಂದಳು.

ಕುಂಕುಮ ಕಂಡ ರಫೀಕ್‌ಭಾಯ್ ಸಾಬೂನು ಹಚ್ಚಿ ಕೈ ತೊಳೆದು ಬಂದು, ಚಾವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನ್ನದನ್ನು ಬದಿಗಿಟ್ಟರು.

“ಮೊದಲ ನಿಮ್ಮ ಚಾವಿ ಗುರುತು ಮಾಡಸ್ತೀನ್ರಿ, ಅವ್ವಾರ.”

ಗಾಡಿ ಗುರ್ರೆಂದು ಚಾಲೂ ಆಯಿತು. ಅವ್ವ ಕೈ ಮುಗಿದಳು. ನನ್ನ ಚಾವಿಯ ಸರದಿ ಆಮೇಲೆ ಬಂತು.

ಆ ಚಾವಿ ಮತ್ತೆ ಜಗಲಿ ಸೇರಿದೆ. ಕಾರು ಓಡಿಸುವವನು ನಾನೇ. ಆದರೆ ಕಾರಿನ ಲೆಕ್ಕದಲ್ಲಿ ಮೊದಲ ಚಾವಿ ಅವ್ವನದು; ಎರಡನೆಯ ಚಾವಿ ಈಗ ನನ್ನದು.