ತೆಂಗಿನ ಬುಡಕ್ಕೆ ಹೋದ ಹುಳಿಹಿಟ್ಟು

ಸೋಣ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಮಾವ ನಮ್ಮ ಹುಳಿಹಿಟ್ಟಿನ ಮಡಕೆಯನ್ನು ತೆಂಗಿನ ಬುಡಕ್ಕೆ ಬಗ್ಗಿಸಿದರು. ದಿನಚರಿಯಲ್ಲಿ ಆ ದಿನ ನಾನು ಬರೆದದ್ದು ಇಷ್ಟೇ: ‘ರೊಟ್ಟಿ ಇಲ್ಲ.’ ಇನ್ನೊಂದು ಸಾಲು ಬರೆದಿದ್ದರೆ ಕಾಗದ ಹರಿಯುತ್ತಿತ್ತು, ಅಷ್ಟು ಸಿಟ್ಟು. ಎರಡು ವರ್ಷವಾದರೂ ಅದು ಇಳಿದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ತುಳುವರ ಮನೆಗಳಲ್ಲಿ ಆಸ್ತಿ ಬರುವುದು ಹೆಣ್ಣಿನ ಕಡೆಯಿಂದ, ಯಜಮಾನಿಕೆ ಮಾತ್ರ ಗಂಡಸಿಗೆ. ಸೀತಾಂಗೋಳಿಯ ರಸ್ತೆ ಬದಿಯಲ್ಲಿ ನಮಗೆ ಒಂದಿಷ್ಟು ತೆಂಗು, ಬಾಳೆ, ಒಂದು ಗದ್ದೆ, ಎರಡು ದನ. ಅವುಗಳ ಯಜಮಾನರು ಮಾವ. ರಸ್ತೆಗೆ ತಾಗಿದ ಮಾಡಿನಡಿಯ ಇಟ್ಟಿಗೆಯ ದೊಡ್ಡ ಒಲೆ, ಬೋರ್ಮ, ಅಮ್ಮನದು. ಅಪ್ಪ ಮಂಗಳೂರಿನ ಒಂದು ಬೇಕರಿಯಲ್ಲಿ ದುಡಿದು, ಕೆಲಸ ಕಲಿತು ಬಂದು ಅದನ್ನು ಕಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮ ನಡೆಸಿದಳು. ಪೇಟೆಯವರು ಬ್ರೆಡ್ಡು ಎನ್ನುವ ರೊಟ್ಟಿ, ಬನ್ನು, ಚಹಾ. ಯಾರು ಯಾರ ಪಕ್ಕ ಕೂರಬಹುದು ಎಂಬ ಜಗಳವೇ ಬೇಡವೆಂದು ಅವಳು ಬೆಂಚು ಇಡಲಿಲ್ಲ. ಕಿಟಕಿಯಲ್ಲಿ ಕೊಡುವುದು, ಬಾಳೆಲೆಯಲ್ಲಿ ಕಟ್ಟಿ. ಚಹಾ ಬೇಕಾದವರು ತಂಬಿಗೆ ತರಬೇಕು.

ರೊಟ್ಟಿಯ ಹಿಟ್ಟು ಉಬ್ಬಲು ಕಳ್ಳು ಬೇಕು. ನಮ್ಮದೇ ಮರದಿಂದ ಬರುತ್ತಿತ್ತು. ಅದರಲ್ಲಿ ಮೊದಲ ಲೋಟ ಮಾವನದು. ವಾಯುವಿಗೆ ಒಳ್ಳೆಯದಂತೆ. ಪಾನನಿಷೇಧ ಬಂದು ಕಳ್ಳು ನಿಂತಾಗ ಅಮ್ಮ, ಕೊನೆಯ ಕಳ್ಳಿನಲ್ಲಿ ಕಲಸಿದ ಹಿಟ್ಟಿನಿಂದ ಒಂದು ಮುದ್ದೆ ತೆಗೆದಿಟ್ಟಳು. ಮರುದಿನ ಅದರಿಂದ ಹೊಸ ಹಿಟ್ಟನ್ನು ಉಬ್ಬಿಸಿ, ಅದರಲ್ಲಿ ಮತ್ತೊಂದು ಮುದ್ದೆ ತೆಗೆದಿಟ್ಟಳು. ಹೀಗೇ ತಿಂಗಳುಗಟ್ಟಲೆ. ಆ ಮಡಕೆ ಬರಿದಾದರೆ ಬೋರ್ಮ ಆರಿದಂತೆ. ಇದು ಮನೆಯ ಬೆಕ್ಕಿಗೂ ಗೊತ್ತಿತ್ತು.

ಅಷ್ಟರಲ್ಲಿ ಮಾವ ಖಾದಿಯ ಬಿಳಿ ಟೊಪ್ಪಿ ಇಟ್ಟು ಊರಿನ ಪಾನನಿಷೇಧ ಕಮಿಟಿಗೆ ಸೇರಿದ್ದರು. ಆ ಮಂಗಳವಾರ ಕಮಿಟಿಯವರು ಊಟಕ್ಕೆ ಬರುವವರಿದ್ದರು. ಅಮ್ಮ ಗದ್ದೆಯಲ್ಲಿದ್ದಳು. ನಾನು ಬಾವಿಯಿಂದ ಬರುವಷ್ಟರಲ್ಲಿ ಹಿಟ್ಟು ತೆಂಗಿನ ಬುಡದಲ್ಲಿತ್ತು. ಮಡಕೆಯನ್ನು ಬೂದಿ ಹಾಕಿ ತಿಕ್ಕಿಯೂ ಆಗಿತ್ತು. ಜೀವಮಾನದಲ್ಲಿ ತಾನು ಕುಡಿದ ಲೋಟ ತೊಳೆಯದವರು ಅಂದು ಮಡಕೆ ತೊಳೆದಿದ್ದರು.

“ಎಂತ ಮಾಡಿದ್ರಿ ಮಾವ?”

“ಕಳ್ಳಿನ ವಾಸನೆ ಮಾರಾಯ್ತಿ. ಅವರ ಮೂಗಿಗೆ ಬಡಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?”

“ಅದು ಹಿಟ್ಟು.”

“ಹಿಟ್ಟಾದ್ರೆ ಪುನಃ ಕಲಸಿದ್ರಾಯ್ತು. ಮೈದಾ ಉಂಟಲ್ಲ.”

ಅಮ್ಮ ಬಂದು ತೆಂಗಿನ ಬುಡ ನೋಡಿದಳು. ಕೈಕಾಲು ತೊಳೆದು ಕಮಿಟಿಯವರಿಗೆ ಬಡಿಸಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಬಂದವರು ಉಂಡು, ವೀಳ್ಯ ಜಗಿದು ಹೋದರು. ಬೋರ್ಮದ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ.

ಮರುದಿನ ಮಾವನ ಅಪ್ಪಣೆಯಂತೆ ದೋಸೆಹಿಟ್ಟಿನ ಹುಳಿ ಹಾಕಿ ಕಲಸಿದೆವು. ಅವರಿಗೆ ಎಲ್ಲ ಹುಳಿಯೂ ಒಂದೇ. ಮೈದಾ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಮೂವತ್ತು ರೊಟ್ಟಿ ಒಳಗೆ ಹೋದವು, ಮೂವತ್ತು ಹಲಗೆ ಹೊರಗೆ ಬಂದವು. ಕುಂಬಳೆಯಿಂದ ಬುಟ್ಟಿಯಲ್ಲಿ ಒಣಮೀನು ತರುವ ಮುಸಲ್ಮಾನ ಬ್ಯಾರಿ ನಮ್ಮ ದಿನದ ಗಿರಾಕಿ. ಅವರು ಒಂದನ್ನು ಕಿಟಕಿಯ ದಂಡೆಗೆ ಬಡಿದು ನೋಡಿದರು.

“ಅಕ್ಕ, ಇದು ತಿನ್ಲಿಕ್ಕಾ, ಮನೆಗೆ ಪಾಯ ಕಟ್ಲಿಕ್ಕಾ?”

“ದನಕ್ಕೆ, ಬ್ಯಾರಿಗಳೇ. ಇವತ್ತು ಮನುಷ್ಯರಿಗೆ ಇಲ್ಲ” ಎಂದಳು ಅಮ್ಮ.

ದನಕ್ಕೂ ನೆನೆಸಿಯೇ ಕೊಡಬೇಕಾಯಿತು. ಕಿಟಕಿ ಮುಚ್ಚಿದೆವು. ನಾಲ್ಕು ದಿನ ಕಳೆಯಲಿಲ್ಲ, ಮಾವ ಬಂದು ಮಾಡಿನಡಿಯ ಜಾಗವನ್ನು ಅಳೆಯುವಂತೆ ನೋಡಿದರು. “ಹೇಗೂ ಖಾಲಿ ಉಂಟು. ತೆಂಗಿನಕಾಯಿ ರಾಶಿ ಹಾಕುವ” ಎಂದರು. ನನ್ನ ಕೈಯಲ್ಲಿ ಅಂಗಳ ಗುಡಿಸುವ ಹಿಡಿಸೂಡಿ ಇತ್ತು. ಅದನ್ನು ಕೆಳಗಿಟ್ಟು ಒಳಗೆ ಹೋದೆ.

ಅಮ್ಮ ಹೊಸ ಹುಳಿಹಿಟ್ಟಿಗೆಂದು ಕಪ್ಪಾಗಿ ಹಣ್ಣಾದ ಕದಳಿ ಬಾಳೆಹಣ್ಣು ಕಿವುಚಿ, ಬೆಲ್ಲದ ನೀರಿನಲ್ಲಿ ಕದಡಿ, ಮೈದಾ ಸೇರಿಸಿಟ್ಟಳು. ಮೊದಲನೆಯದಕ್ಕೆ ಬೂಷ್ಟು ಹಿಡಿಯಿತು. ಎರಡನೆಯದು ನಾರಿತು. ನಾನು ದಿನವೂ ‘ರೊಟ್ಟಿ ಇಲ್ಲ’ ಎಂದು ಬರೆಯುತ್ತಿದ್ದೆ. ಮೂರನೆಯದು ಗುಳ್ಳೆ ಬಿಟ್ಟಿತು. ಅಮ್ಮ ಮಡಕೆಯನ್ನು ಎಲ್ಲರಿಗೂ ಕಾಣುವಂತೆ ಕಿಟಕಿಯ ದಂಡೆಯ ಮೇಲಿಟ್ಟಳು.

“ಒಳಗಿಡು ತಂಗಿ, ವಾಸನೆ ಬರ್ತದೆ” ಎಂದರು ಮಾವ.

“ಬರ್ಲಿ ಅಣ್ಣ. ಕಮಿಟಿಯವರನ್ನು ಕರೀರಿ, ಮೂಸ್ಲಿ. ಪುನಃ ಯಾರಾದ್ರೂ ಇದನ್ನು ಮುಟ್ಟಿದ್ರೆ ನಾನು ಅಡುಗೆಮನೆಯ ಒಲೆಗೂ ಬೆಂಕಿ ಹಾಕುದಿಲ್ಲ.”

ರೊಟ್ಟಿ ಸರಿಯಾಗಿ ಉಬ್ಬಿ ಬಂದ ಬೆಳಿಗ್ಗೆ ಮಾವ ಎಂದಿನಂತೆ ಒಳಗೆ ಮಣೆಯ ಮೇಲೆ ಕೂತು ತಟ್ಟೆ ಮುಂದಿಟ್ಟರು.

“ಬೋರ್ಮ ಬಿಟ್ಟು ಬರ್ಲಿಕ್ಕೆ ಪುರ್ಸೊತ್ತಿಲ್ಲ ಅಣ್ಣ” ಎಂದು ಅಮ್ಮ ಅಲ್ಲಿಂದಲೇ ಕೂಗಿ ಹೇಳಿದಳು. “ಕಿಟಕಿಯ ಹೊರಗೆ ನಿಂತ್ರೆ ಸಿಗ್ತದೆ.”

ಮಾವ ಖಾಲಿ ತಟ್ಟೆಯನ್ನು ಬದಿಗೆ ಸರಿಸಿ ಎದ್ದರು. ಆಮೇಲೆ ಟೊಪ್ಪಿ ಇಟ್ಟು, ಅಂಗಳ ಸುತ್ತಿ ಬಂದು, ಬ್ಯಾರಿಯ ಒಣಮೀನಿನ ಬುಟ್ಟಿಯ ಹಿಂದೆ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಅಮ್ಮ ಇದ್ದುದರಲ್ಲೇ ದೊಡ್ಡದನ್ನು ಆರಿಸಿ, ಎಲೆಯಲ್ಲಿ ಕಟ್ಟಿ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.